ಬಂಡೆಗೂ ಗಾಳಿಗೂ ನಡೆದ ಪಂದ್ಯ

ಮಧ್ಯಾಹ್ನ ಹಿಡಿದ ಮಳೆ ಕತ್ತಲಾದರೂ ಬಿಟ್ಟಿರಲಿಲ್ಲ. ಬಾಕ್ಸಿಂಗ್ ಕ್ಲಬ್ಬಿನ ತಗಡಿನ ಮಾಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ ಪಕ್ಕದವನಿಗೆ ಮಾತು ಕೇಳಿಸಬೇಕಾದರೂ ಕೂಗಬೇಕಾಗಿತ್ತು. ಅಭ್ಯಾಸ ಮುಗಿಸಿದವರು ಮನೆಗೆ ಹೋಗಲಾರದೆ ರಿಂಗಿನ ಸುತ್ತಲಿನ ಬೆಂಚುಗಳ ಮೇಲೆ ಕೂತು ವಾದಕ್ಕಿಳಿದಿದ್ದರು. ಗೋಡೆಯ ಮೇಲೆ ಎರಡು ಫೋಟೋಗಳು. ಒಂದು ಹಳೆಯ ಕಾಲದ ಚಾಂಪಿಯನ್, ಬಂಡೆ ಎಂದೇ ಹೆಸರಾದವನದು, ಇನ್ನೊಂದು ಅವನ ಮಗ, ನಂತರದ ಕಾಲದ ಚಾಂಪಿಯನ್, ಗಾಳಿ ಎಂದು ಹೆಸರಾದವನದು. ಇಬ್ಬರೂ ಈಗಿಲ್ಲ. ತಮ್ಮ ತಮ್ಮ ಹರೆಯದಲ್ಲಿ ಅವರು ಎದುರುಬದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು?

"ಗಾಳಿ ಕೈಗೇ ಸಿಗ್ತಿರಲಿಲ್ಲ. ಬಂಡೆ ಯಾರಿಗೆ ಹೊಡೀತಾನೆ?"

"ಹೊಡೆದೂ ಹೊಡೆದೂ ಗಾಳಿಯ ಕೈ ಸೋತೀತೇ ಹೊರತು ಬಂಡೆ ಅಲ್ಲಾಡ್ತಾನಾ?"

ಮೂಲೆಯಲ್ಲಿ ಕೂತು ಹರಿದ ಗ್ಲೌಸುಗಳಿಗೆ ಹೊಲಿಗೆ ಹಾಕುತ್ತಿದ್ದ ಅಜ್ಜಿ ದಬ್ಬಳವನ್ನು ಚರ್ಮದಲ್ಲೇ ಬಿಟ್ಟಳು. ಬಂಡೆ ಅವಳ ಅಣ್ಣ. ಗಾಳಿ ಅವಳು ಎತ್ತಿ ಆಡಿಸಿದ ಹುಡುಗ. ಈ ವಾದ ಅವಳಿಗೆ ಹೊಸದಲ್ಲ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವಳಿಗೆ ಇಂದು ತಡೆಯಲಾಗಲಿಲ್ಲ.

"ಸಾಕು ಮಾಡ್ರೋ. ಹತ್ತಿರ ಬನ್ನಿ," ಎಂದಳು. "ಆ ಪಂದ್ಯ ನಡೆದಾಗಿದೆ. ನಾನೇ ನೋಡಿದೀನಿ."

ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ನಗಲಿಲ್ಲ. ಬೆಂಚುಗಳು ಒಂದೊಂದಾಗಿ ಅವಳ ಕಡೆ ಸರಿದವು.

"ನಮ್ಮಣ್ಣ ಒಂದು ಸಲವೂ ರಿಂಗಲ್ಲಿ ಬಿದ್ದೋನಲ್ಲ, ಗೊತ್ತಲ್ಲ? ಕೊನೇ ಪಂದ್ಯದಲ್ಲೂ ಬೀಳಲಿಲ್ಲ. ತಲೆಗೆ ಅಂಥಾ ಏಟು ತಿಂದೂ ಗಂಟೆ ಹೊಡೆಯೋವರೆಗೆ ನಿಂತೇ ಇದ್ದ, ಆಮೇಲೆ ಮೆಲ್ಲಗೆ ನಡ್ಕೊಂಡು ಬಂದು ತನ್ನ ಮೂಲೇಲಿ ಸ್ಟೂಲ್ ಮೇಲೆ ಕೂತ... ಕೂತೋನು ಏಳಲಿಲ್ಲ. ಅತ್ತಿಗೆ ಆಗ ತುಂಬು ಬಸುರಿ. ಮಗ ಅಪ್ಪನ ಮುಖ ನೋಡಲಿಲ್ಲ, ಅಪ್ಪ ಮಗನನ್ನ ಒಂದು ಸಲ ಎತ್ಕೊಳ್ಳಲೂ ಇಲ್ಲ. ಬೇಡ ಬೇಡ ಅಂತ ನಾನೂ ಅತ್ತಿಗೇನೂ ಬಡ್ಕೊಂಡರೂ ಅವನೂ ಗ್ಲೌಸ್ ಹಾಕ್ಕೊಂಡ, ಅವನೂ ಚಾಂಪಿಯನ್ ಆದ. ಆದರೇನು ಬಂತು? ಹೋದಲ್ಲೆಲ್ಲ ಇದೇ ಪ್ರಶ್ನೆ... ನಿಮ್ಮಪ್ಪ ಇದ್ದಿದ್ದರೆ ನೀನು ಗೆಲ್ತಿದ್ದೆಯಾ? ಪಾಪ, ಅವನು ಸುಮ್ಮನೆ ನಗ್ತಿದ್ದ.

"ಆಮೇಲೆ ರೇಡಿಯೋದವರಿಗೊಂದು ಹುಚ್ಚು ಹಿಡೀತು. ಅಪ್ಪನಿಗೂ ಮಗನಿಗೂ ಪಂದ್ಯ ಅಂತ ಕಥೆ ಕಟ್ಟಿ, ಜನರ ಕೂಗು, ಗಂಟೆ ಎಲ್ಲ ಸೇರಿಸಿ, ನಿಜವಾಗ್ಲೂ ನಡೀತಿದೆ ಅನ್ನೋ ಹಾಗೆ ಓದಿಸಿದರು. ನಾವು ಇಲ್ಲೇ ಕೂತು ಕೇಳಿದ್ವಿ. ಕೊನೇ ರೌಂಡಲ್ಲಿ 'ಬಂಡೆ ಉರುಳಿದ! ಬಂಡೆ ಉರುಳಿದ!' ಅಂತ ರೇಡಿಯೋ ಕಿರುಚಿದಾಗ ಇಲ್ಲಿದ್ದವರೆಲ್ಲ ಕುಣಿದಾಡಿಬಿಟ್ಟರು. ನಮ್ಮ ಹುಡುಗ ಮಾತ್ರ ಗರ ಬಡಿದೋನ ಹಾಗೆ ಕೂತಿದ್ದ. ನನಗೋ... ಅಣ್ಣ ಇನ್ನೊಂದು ಸಲ ಸತ್ತ ಹಾಗಾಯ್ತು.

"ಮಾರನೇ ದಿನದಿಂದ ಶುರುವಾಯ್ತು ನೋಡಿ. ಹೊತ್ತು ಮುಳುಗೋ ಹೊತ್ತಿಗೆ ಖಾಲಿ ರಿಂಗಲ್ಲಿ ದೊಪ್ಪಂತ ಸದ್ದು. ಆಳು ಬಿದ್ದ ಸದ್ದು. ಆಮೇಲೆ ಯಾರೋ ಅಂಗೈ ಊರಿ ಏಳೋಕೆ ಒದ್ದಾಡ್ತಿರೋ ಹಾಗೆ ಹಲಗೆ ಕಿರ್ ಕಿರ್ ಅನ್ನೋದು... ಮತ್ತೆ ದೊಪ್! ಬೇರೆಯವರು ಇಲಿ ಅಂದರು, ಹಳೇ ಮರ ಅಂದರು. ಹುಡುಗ ನನ್ನ ಕೈ ಹಿಡ್ಕೊಂಡು, 'ಅತ್ತೆ, ಅದು ಅಪ್ಪ. ಬದುಕಿದ್ದಾಗ ಬೀಳದೋರನ್ನ ಸತ್ತ ಮೇಲೆ ನನ್ನ ಹೆಸರಲ್ಲಿ ಬೀಳಿಸಿಬಿಟ್ಟರು. ಅವರಿಗೆ ಏಳೋಕಾಗ್ತಿಲ್ಲ' ಅಂದ.

"ಒಂದು ಸಂಜೆ ಎಲ್ಲರನ್ನೂ ಕಳಿಸಿ, ಗ್ಲೌಸ್ ಹಾಕ್ಕೊಂಡು ರಿಂಗ್ ಹತ್ತಿದ. ನಾನು ಹಗ್ಗ ಹಿಡ್ಕೊಂಡು ನಿಂತಿದ್ದೆ. 'ಏಳಿ ಅಪ್ಪಾ, ನಾವಿಬ್ಬರೇ ಆಡೋಣ' ಅಂದ. ಏನಂತ ಹೇಳಲಿ... ಎದುರಿಗೆ ಯಾರೂ ಇಲ್ಲ, ಆದರೂ ಅವನ ತಲೆ ಪಟ್ಟಂತ ಪಕ್ಕಕ್ಕೆ ಹೊರಳ್ತು. ತುಟಿ ಒಡೀತು. ಯಾರ ಕೈಗೂ ಸಿಗದ ನಮ್ಮ ಗಾಳಿ ಅವತ್ತು ತಪ್ಪಿಸ್ಕೊಳ್ಳಲೇ ಇಲ್ಲ ಕಣ್ರೋ! ಎರಡೂ ಕೈ ಕೆಳಗೆ ಬಿಟ್ಟು ನಿಂತುಬಿಟ್ಟ. ಆಮೇಲೆ ಉರುಳಿದ. ನಾನು ಕೂಗ್ತಾ ಒಳಗೆ ನುಗ್ಗೋಷ್ಟರಲ್ಲಿ... ಅವನ ಮೈ ಹಲಗೆಯಿಂದ ಮೇಲಕ್ಕೆ ಬಂತು. ಅವನಾಗಿ ಎದ್ದಿದ್ದಲ್ಲ. ತೋಳಲ್ಲಿ ಎತ್ಕೊಂಡ ಕೂಸಿನ ಹಾಗೆ, ಕತ್ತು ಹಿಂದಕ್ಕೆ ವಾಲಿ, ಕಾಲು ಜೋತಾಡ್ತಾ... ಅಳೋ ಕೂಸನ್ನ ಸಮಾಧಾನ ಮಾಡೋಕೆ ತಿರುಗಾಡ್ತೀವಲ್ಲ, ಹಾಗೆ ರಿಂಗ್ ತುಂಬ ತಿರುಗಾಡಿಸಿ ನನ್ನ ಮಡಿಲಿಗೆ ಇಳಿಸ್ತು.

"'ಅತ್ತೆ, ಎತ್ಕೊಂಡರು' ಅಂದ. ಅಷ್ಟೇ. ನಗ್ತಾನೇ ಕಣ್ಣು ಮುಚ್ಚಿದ."

ಅಜ್ಜಿ ಮತ್ತೆ ದಬ್ಬಳ ಕೈಗೆತ್ತಿಕೊಂಡಳು. ಆಗ ಒಬ್ಬನ ಬಾಯಿಂದ ಮಾತು ಜಾರಿತು.

"ಹಾಗಾದ್ರೆ ಗೆದ್ದಿದ್ದು ಬಂಡೆ. ಅಲ್ವಾ ಅಜ್ಜಿ?"

ಅಜ್ಜಿ ಅವನನ್ನೇ ನೋಡಿದಳು. ಅವಳಿಗೆ ಸಿಟ್ಟು ಬರಲಿಲ್ಲ, ಕಣ್ಣು ತುಂಬಿ ಬಂತು.

"ಹೀಗೇ... ಹೀಗೇ ಕೇಳ್ತೀರ ನೀವು. ಕೇಳಿದಾಗಲೆಲ್ಲ ಅವರಿಬ್ಬರೂ ಮತ್ತೆ ರಿಂಗ್ ಹತ್ತಬೇಕಲ್ಲಪ್ಪಾ. ನಿನ್ನೆ ನೀವೆಲ್ಲ ಹೋದ ಮೇಲೆ ದೀಪ ಆರಿಸೋಕೆ ಬಂದೆ. ನಮ್ಮ ಹುಡುಗ ಹಗ್ಗಕ್ಕೆ ಒರಗಿ ನಿಂತಿದ್ದ. 'ಅತ್ತೆ, ಅಪ್ಪನಿಗೆ ತುಂಬ ಸುಸ್ತಾಗಿದೆ... ಇನ್ನಾದ್ರೂ ಸಾಕು ಅಂತ ಆ ಹುಡುಗರಿಗೆ ಹೇಳ್ತೀಯಾ?' ಅಂದ."