ಬೆಂಗಳೂರಿಗೆ ಹೋಗಿ ಬಂದ ಹಾಳೆಗಳು

...ಅದೇ ಹೇಳ್ತಿದ್ನಲ್ಲ, ನಾಳೆ ಬೆಳಿಗ್ಗೆ ಒಂಬತ್ತು ಗಂಟೆಗೆ ಮೂಕಂಡಪಲ್ಲಿ ಫ್ಯಾಕ್ಟರಿ ಗೇಟ್ ಹತ್ರ ಇರ್ಬೇಕು ನೀನು. ಕೂತ್ಕಳಮ್ಮ ಮುನಿರತ್ನ, ಯಾಕೆ ಹಂಗೆ ನಿಂತಿದೀಯ? ಬೇಡ್ವಾ? ಸರಿ, ನಿಂತ್ಕೊ. ಕಂಪ್ಯೂಟರ್ ರೂಮಿಗೆ ಕರ್ಕೊಂಡ್ಹೋಗ್ತಾರೆ, ಮಿಷಿನ್ ಮುಂದೆ ಕೂರಿಸ್ತಾರೆ, ಒಂದು ಪ್ರೋಗ್ರಾಮ್ ಬರ್ದು ಓಡ್ಸು ಅಂತಾರೆ. ಅಷ್ಟೇ ಪರೀಕ್ಷೆ. ಇಬ್ಬರನ್ನ ಟ್ರೈನಿಂಗಿಗೆ ತಗೋತಾರೆ, ಅದ್ರಲ್ಲಿ ಒಬ್ಬಳು ನೀನು. ಬರ್ಕೊಡ್ಲಾ?

ಸಾಹೇಬ ತಮಿಳಿನವನು. "ತೆರಿಯುಮಾ?" ಅಂತ ಕೇಳ್ತಾನೆ. "ತೆರಿಯುಂ ಸಾರ್" ಅಂದ್ಬುಡು. ಗೊತ್ತಿಲ್ದಿದ್ರೂ ಅಂದ್ಬುಡು. ಅವನಿಗೇನು ಎಲ್ಲಾ ಗೊತ್ತಾ? ಅವನಿಗೆ ಸಂಬಳ ಬರ್ತಿಲ್ವಾ? ...ಏನೇ ಇದು, ನಗೂನೂ ಇಲ್ಲ! ಬೇರೆ ದಿನ ಇಷ್ಟಕ್ಕೆಲ್ಲ ಹಲ್ಲು ಕಿರೀತಿದ್ದೆ.

ಭಯನಾ? ಯಾರಿಗೆ ಭಯ ಬೀಳ್ತೀಯ, ಪರೀಕ್ಷೆಗೆ ಬರೋ ಆ ಕಾನ್ವೆಂಟ್ ಮಕ್ಳಿಗಾ? ಅವರ ಸ್ಕೂಲಿಗೆ ಕಂಪ್ಯೂಟರ್ ಬಂದಾಗ ನಾನೇ ಹೋಗಿದ್ದೆ ಕಣಮ್ಮಾ. ಇಸ್ತ್ರಿ ಶರಟು ಹಾಕ್ಕೊಂಡು. ನಮ್ಮ ಮತ್ತಿಗಿರಿ ಮಕ್ಳಿಗೆ ಭಾನುವಾರ ಒಂದು ಗಂಟೆ ಮುಟ್ಟೋಕೆ ಬಿಡಿ ಸಾರ್ ಅಂದೆ. ಟೀ ಕೊಟ್ರು, ಬಿಸ್ಕತ್ತು ಕೊಟ್ರು, ಮಖಮಲ್ಲು ಬಟ್ಟೆ ಎತ್ತಿ ದರ್ಶನ ಮಾಡಿಸಿದ್ರು. ಆಮೇಲೆ, ನಿಮ್ಮ ಹುಡುಗ್ರ ಕಾಲಲ್ಲಿ ಧೂಳು ಬರುತ್ತೆ, ಮಿಷಿನ್ ಕೆಡುತ್ತೆ ಅಂದ್ರು. ಧೂಳಂತೆ! ತಿರುಪತಿ ತಿಮ್ಮಪ್ಪನ ಮೇಲೇ ಧೂಳು ಬೀಳುತ್ತೆ, ಒರೆಸಿ ನೀರು ಹಾಕ್ತಾರೆ, ಅವನೇನಾದ್ರೂ ಕೆಟ್ಟೋದ್ನಾ? ಈ ಡಬ್ಬಕ್ಕೆ ಅದೇನು ಮಡಿನೋ! ಬಿಸ್ಕತ್ತು ಮಾತ್ರ ಚೆನ್ನಾಗಿತ್ತು, ಎರಡು ಜೇಬಿಗೆ ಹಾಕ್ಕೊಂಡು ಬಂದೆ.

ಮಾರನೇ ದಿನಾನೇ ನನ್ನ ಟೈಪಿಂಗ್ ಕ್ಲಾಸಿನ ಬೋರ್ಡಿನ ಕೆಳಗೆ ಬರೆಸ್ದೆ. 'ಕಂಪ್ಯೂಟರ್ ಕ್ಲಾಸ್, ಫೀಸಿಲ್ಲ.' ಈ ಎಂಬತ್ತಾರರಲ್ಲಿ ಬರೀ ಟೈಪಿಂಗ್ ಕಲ್ತ್ರೆ ಯಾವನು ಕೆಲಸ ಕೊಡ್ತಾನೆ? ಹನ್ನೊಂದು ಜನ ಬಂದ್ರಿ. ಕ್ಯಾಂಟೀನಲ್ಲಿ ತಟ್ಟೆ ತೊಳೆಯೋವ್ನ ಮಗ ಮರಿಸ್ವಾಮಿ, ಉದ್ದನಪಲ್ಲಿಯಿಂದ ನೀನು... ನಿಮ್ಮಮ್ಮ ಭದ್ರಮ್ಮ ಜಗಳಕ್ಕೇ ಬಂದಿದ್ಲಲ್ಲ! ಎಲ್ಲಯ್ಯಾ ನಿನ್ ಕಂಪ್ಯೂಟರು ಅಂದ್ಲು. ಟೈಪ್ ಮಿಷಿನ್ ತೋರಿಸ್ದೆ. ಅದರ ಹಿಂದೆ ಮುಂದೆ ಎಲ್ಲಾ ನೋಡಿ, ಇದಕ್ಕೆ ಕರೆಂಟೇ ಇಲ್ವಲ್ಲ ಅಂದ್ಲು. ಇವಳ ಮುಂದೆ ಇಂಜಿನಿಯರು ನಿಲ್ಲಲ್ಲ ಅಂದ್ಕೊಂಡೆ. ಆದ್ರೂ ಬಿಟ್ಲು ನಿನ್ನ. ಒಂದು ವರ್ಷ ನೋಡ್ತೀನಿ, ಕೆಲಸ ಸಿಕ್ರೆ ಸರಿ, ಇಲ್ದಿದ್ರೆ ಟೊಮ್ಯಾಟೊ ತೋಟಕ್ಕೆ ವಾಪಸ್ಸು, ಅಣ್ಣನ ಮಗನಿಗೆ ಮದುವೆ ಮಾಡ್ಬುಡ್ತೀನಿ ಅಂದ್ಲು. ನಾಳೆಗೆ ವರ್ಷ ಆಗುತ್ತೆ. ಗೊತ್ತು ಕಣಮ್ಮಾ, ನಂಗೂ ಗೊತ್ತು.

ಅದಕ್ಕೇ ಹೇಳ್ತಿರೋದು, ಮಿಷಿನ್ ಮುಟ್ಟಿಲ್ಲ ಅಂತ ಹೆದರ್ಬೇಡ. ನೀನು ಮುಟ್ಟಿಲ್ಲ, ನಿನ್ನ ಹಾಳೆ ಮುಟ್ಟಿಲ್ವಾ? ಶುಕ್ರವಾರ ಶುಕ್ರವಾರ ಬರ್ಕೊಟ್ಟಿದ್ದೆಲ್ಲ ಶನಿವಾರ ಬಸ್ಸಲ್ಲಿ ಬೆಂಗಳೂರಿಗೆ ಹೋಗ್ತಿತ್ತಲ್ಲ! ನನ್ನ ಸ್ನೇಹಿತ ದ್ವಾರಕಾನಾಥ, ಅವನ ಆಫೀಸಿನ ಮಿಷಿನ್ನು ಎರಡು ಬೀರು ಇಟ್ಟಂಗೆ ಇದೆ. ಆ ರೂಮಲ್ಲಿ ಎಷ್ಟು ಚಳಿ ಅಂದ್ರೆ ಏಪ್ರಿಲ್ನಲ್ಲೂ ಸ್ವೆಟರ್ ಹಾಕ್ಕೊಂಡು ಕೂತಿರ್ತಾನೆ, ಮೂಗಲ್ಲಿ ಸೊರಸೊರ ಅಂತ. ಹಾಳೆ ನೋಡ್ಕೊಂಡು ಕುಟ್ತಾನೆ, ಮಿಷಿನ್ ಗುರ್ ಅನ್ನುತ್ತೆ, ಉತ್ತರ ಬರುತ್ತೆ. ಸೋಮವಾರ ನಿಮ್ಮ ಕೈಗೆ ತಂದು ಕೊಡ್ತಿರ್ಲಿಲ್ವಾ? ಒಂದಾದ್ರೂ ತಪ್ಪು ಬಂತಾ ನಿಂದು? ವರ್ಷಪೂರ್ತಿ ಒಂದು ತಪ್ಪಿಲ್ಲ!

ಏನದು? ಹೋದ ವಾರದ ಉತ್ತರದ ಹಾಳೆ ಅಲ್ವಾ? ನೋಡಿದೀನಲ್ಲ, ಹದಿನೇಳರ ಮಗ್ಗಿ. ಹದಿನೇಳು, ಮೂವತ್ನಾಕು, ಐವತ್ತೊಂದು... ನೂರೆಪ್ಪತ್ತರ ತನಕ ಸರಿಯಾಗೇ ಬಂದಿದೆ. ಮತ್ತೇನು? ನೀನು ಬರ್ದಿದ್ದನ್ನ ನೋಡ್ಬೇಕಾ? ಕಾರ್ಬನ್ ಕಾಪಿ ಇಟ್ಕೊಂಡಿದ್ಯಾ! ನಂದೇ ಕಾರ್ಬನ್ ತಾನೇ? ಕಳ್ಳಿ. ಕೊಡಿಲ್ಲಿ, ಕನ್ನಡಕ ಎಲ್ಲೋಯ್ತು... ಹತ್ತು ಅಂತ ನಂಬರ್ ಹಾಕಿರೋ ಮೊದಲನೇ ಸಾಲು, ಒಂದರಿಂದ ಹತ್ತರ ತನಕ. ಇಪ್ಪತ್ತನೇ ಸಾಲು, ಹದಿನೇಳರಿಂದ ಗುಣಿಸಿ ಬರಿ. ಮೂವತ್ತು, ಮುಗೀತು. ಅಲ್ಲಾ... ತಿರುಗಿ ಮೇಲಕ್ಕೆ ಹೋಗು ಅನ್ನೋ ಸಾಲು ಎಲ್ಲಿ? 'ನೆಕ್ಸ್ಟ್' ಎಲ್ಲಿ? ಅದಿಲ್ದಿದ್ರೆ ಮೊದಲನೇ ಹದಿನೇಳಕ್ಕೇ ನಿಲ್ಬೇಕಿತ್ತಲ್ಲ...

ಮರ್ತ್ಯಾ? ...ಬೇಕಂತಲೇ ಬಿಟ್ಯಾ?

ಹಾಂ, ದ್ವಾರಕಾನಾಥ ಸೇರಿಸಿರ್ತಾನೆ. ಒಳ್ಳೇ ಮನುಷ್ಯ, ಹುಡುಗಿ ಮರ್ತಿದಾಳೆ ಅಂತ ತಾನೇ ಹಾಕಿರ್ತಾನೆ. ಇಲ್ಲಾ ಆ ಮಿಷಿನ್ನೇ ಹಂಗೆ. ಹೊಸ ಮಾಡಲ್ಲು, ನಮ್ಮ ಮನಸ್ಸಲ್ಲಿರೋದು ತಿಳ್ಕೊಳುತ್ತೆ... ಹಂಗೆ ನೋಡ್ಬೇಡ. ಏನಾದ್ರೂ ಅನ್ನು. ಬೈಯಿ. ನಿಮ್ಮಮ್ಮ ಬೈತಾಳಲ್ಲ ತೆಲುಗಲ್ಲಿ, ಹಂಗಾದ್ರೂ ಬೈಯಿ.

ಹೋಗಿದ್ದೆ ಕಣಮ್ಮಾ. ಮೊದಲನೇ ಶನಿವಾರ ನಿಜವಾಗ್ಲೂ ಹೋಗಿದ್ದೆ. ದ್ವಾರಕಾನಾಥ ಬಾಗ್ಲಿಗೇ ಬಂದು, ಮ್ಯಾನೇಜರು ಆಗಲ್ಲ ಅಂದ್ಬುಟ್ರು ಗುಂಡಣ್ಣ, ಊರು ಮಕ್ಳ ಲೆಕ್ಕಕ್ಕೆಲ್ಲ ಆಫೀಸ್ ಮಿಷಿನ್ ಕೊಡಲ್ವಂತೆ ಅಂದ. ಆ ಚಳಿ ರೂಮು, ಸ್ವೆಟರು, ಎಲ್ಲಾ ಗಾಜಿನಾಚೆ ನಿಂತು ನೋಡಿದ್ದು. ಒಂದು ಹಾಳೇನೂ ಒಳಕ್ಕೆ ಹೋಗ್ಲಿಲ್ಲ. ಸೋಮವಾರ ಬೆಳಿಗ್ಗೆ ಬಾಗ್ಲು ತೆಗೆದ್ರೆ ಹನ್ನೊಂದು ಜನಾನೂ ನಿಂತಿದ್ರಿ. ಬಂತಾ ಸಾರ್, ಬಂತಾ ಸಾರ್ ಅಂತ. ಏನು ಹೇಳ್ಲಿ ನಾನು? ಸಂಜೆ ಕೊಡ್ತೀನಿ ಅಂದ್ಬುಟ್ಟೆ.

ನಾನೇ ಓಡ್ಸಿದ್ದು. ವರ್ಷಪೂರ್ತಿ. ಬಸ್ಸು ಹತ್ತಿದಂಗೆ ಮಾಡಿ, ಸುತ್ತಾಕ್ಕೊಂಡು ಬಂದು, ಇಲ್ಲೇ ಒಳಗಡೆಯಿಂದ ಚಿಲಕ ಹಾಕಿ ಕೂರ್ತಿದ್ದೆ. ಪೆನ್ಸಿಲ್ ಹಿಡ್ಕೊಂಡು ಒಂದೊಂದೇ ಸಾಲು ಲೆಕ್ಕ ಹಾಕ್ತಿದ್ದೆ, ಮಿಷಿನ್ ಮಾಡಿದಂಗೇ. ನಿನ್ನದೊಂದು ಪ್ರೋಗ್ರಾಮ್ ಇತ್ತಲ್ಲ, ನೂರು ಸಲ ಸುತ್ತೋದು? ನೂರು ಸಲಾನೂ ಸುತ್ತಿದೀನಿ ತಾಯಿ, ತಲೆ ತಿರುಗಿ ವಾಂತಿ ಬರಂಗಾಗಿತ್ತು. ನಾಚಿಕೆ ಆಗ್ತಿದೆ ನಂಗೆ.

ತಪ್ಪು ಯಾಕೆ ಹೇಳ್ಲಿಲ್ಲ ಅಂತ ತಾನೇ ಆ ನೋಟ? ಹೇಳಿದ್ದೆ. ಮೂರನೇ ವಾರ ಮರಿಸ್ವಾಮಿಗೆ ಹೇಳಿದ್ದೆ. ತಪ್ಪು ಅಂತ ಬಂದಿದೆ ಕಣ್ಲಾ ಅಂದೆ. ಕಂಪ್ಯೂಟರೇ ತಪ್ಪು ಅಂದ್ಮೇಲೆ ನಂಗೆ ಇದಾಗಲ್ಲ ಅಂತ ಹೋದವನು ತಿರುಗಿ ಬರ್ಲಿಲ್ಲ. ಅವನೂ ತಟ್ಟೆ ತೊಳೀತಿದಾನೆ ಈಗ. ಆಮೇಲೆ ಯಾರಿಗೂ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ತಿದ್ದಿ, ಉತ್ತರ ಟೈಪ್ ಮಾಡಿ ಕೊಟ್ಬುಟ್ಟೆ. ನೀನೂ ಬರದೇ ಹೋದ್ರೆ ಅಂತ ನಿಂದಂತೂ... ನಿಂದಂತೂ ಜಾಸ್ತಿನೇ ತಿದ್ದಿದೀನಿ.

ಎಲ್ಲಿಗೆ ಹೊರಟೆ? ...ಓ, ಬೀರು ಹತ್ರಕ್ಕಾ. ತೆಗಿ, ಬೀಗ ಇಲ್ಲ. ನಿನ್ನ ಹಾಳೆ ಎಲ್ಲಾ ಅಲ್ಲೇ ಇದೆ, ಒಂದೂ ಎಸೆದಿಲ್ಲ. ಪೆನ್ಸಿಲ್ ಇರೋ ಕಡೆಯೆಲ್ಲ ನಾನು ಕೈ ಹಾಕಿದ್ದು ಅಂತ ತಿಳ್ಕೊ. ಇಷ್ಟೊಂದಾ? ಹೂಂ, ಇಷ್ಟೊಂದು. ಕೊನೇ ಬಸ್ಸಿಗೆ ಇನ್ನೂ ಮೂರು ಗಂಟೆ ಇದೆ. ನನ್ನ ಮುಂದೆ ಯಾಕೆ ಇಡ್ತಿದೀಯ? ನಾನಾ? ಸರಿನೋ ತಪ್ಪೋ ಅಂತ ನಾನೇ ಹೇಳ್ಬೇಕಾ, ಒಂದೊಂದಕ್ಕೂ?

ಸರಿ.

ಇದು... ಇದು ಓಡಲ್ಲ ಕಣಮ್ಮಾ. ತಪ್ಪು. ಇದೂ ತಪ್ಪು, ಮೂವತ್ತನೇ ಸಾಲು ನೋಡು. ಇದು ಸರಿ. ನಾನು ಮುಟ್ಟೇ ಇಲ್ಲ, ಪೂರ್ತಿ ನಿಂದೇ. ಇದು ತಪ್ಪು. ಕಣ್ಣು ಒರೆಸ್ಕೊ, ಹಾಳೆ ಒದ್ದೆ ಆಗುತ್ತೆ. ಮುಂದಿಂದು ಕೊಡು.