ಪವಿತ್ರ ಗುರುವಾರಕ್ಕೆ ಹನ್ನೆರಡು ಜನ

ಯಶವಂತಪುರದಲ್ಲಿ ಹೊಸ ಕಾಲುಚೀಲ ಕೊಂಡ ಬ್ಯಾಟರಾಯಪ್ಪ, ಮಾಕಳಿಯ ಕುಷ್ಠರೋಗಿಗಳ ಆಶ್ರಮಕ್ಕೆ ಮರಳಲು ಬಸ್ ಸ್ಟಾಪಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಚರ್ಚಿನಿಂದ ಬಂದ ಇಬ್ಬರು ಹೆಂಗಸರು ಮಾತಿಗಿಳಿದಿದ್ದರು.

“ತಪಸ್ಸುಕಾಲದ ಕಾಣಿಕೆ ಈ ಸಲ ಮಾಕಳಿ ಆಶ್ರಮಕ್ಕೆ ಕೊಡೋಣ ಅಂತಾರೆ ಫಾದರ್. ಏನಂತೀರಾ ಜೆಸಿಂತಾ ಆಂಟಿ?”

“ಕೊಡೋದೇನೋ ಕೊಡಬಹುದು ರೀಟಾ. ಆದ್ರೆ ಯಾರಿಗೆ ಕೊಡ್ತೀವೋ ಅಲ್ಲಿಂದಾನೇ ಅಲ್ವಾ, ಪವಿತ್ರ ಗುರುವಾರ ಹನ್ನೆರಡು ಜನಾನ ಕರ್ಸೋದು?”

“ಹೌದು, ಪ್ರಭು ತನ್ನ ಶಿಷ್ಯರಿಗೆ ತೊಳೆದ ಹಾಗೆ ಅವರ ಪಾದಾನ ಫಾದರ್ ತೊಳೆಯೋಕೆ.”

“ತೊಳೆಯೋಕೆ ಪಾದ ಅಂತ ಒಂದಿರ್ಬೇಕಲ್ವೇನೇ? ಬೆರಳೇ ಇಲ್ಲ ಅವಕ್ಕೆ! ತೊಳೆದು ಮುತ್ತು ಬೇರೆ ಕೊಡ್ಬೇಕು.”

ರೀಟಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಅಯ್ಯೋ, ಯೂಟ್ಯೂಬಲ್ಲಿ ಲೈವ್ ಬೇರೆ ಬರುತ್ತೆ ಆಂಟಿ!”

“ಅದನ್ನ ನೋಡಿದ್ಮೇಲೆ ನಮ್ಮನೇವ್ರು ಊಟ ಮಾಡಿದ ಹಾಗೇ.”

“ಹಾಗಾದ್ರೆ ಅಮೃತಹಳ್ಳಿ ಅನಾಥಾಲಯ?”

“ಅದೇ ಬರ್ಕೋ. ಪುಟ್ಟ ಪುಟ್ಟ ಕಾಲು, ನೋಡೋಕೂ ಚೆಂದ. ಅಲ್ಲೇ ಸೋಪ್ ಹಾಕಿ ಒಂದ್ಸಲ ತೊಳೆಸಿ ಕಳಿಸೋಕೆ ಹೇಳು.”

“ಮಾಕಳಿಯೋರಿಗೆ ಏನ್ ಹೇಳ್ಲಿ?”

“ಅವರಿಗೋಸ್ಕರ ಪ್ರಾರ್ಥನೆ ಮಾಡ್ತೀವಿ ಅನ್ನು.”

ಅಷ್ಟರಲ್ಲಿ ಹೆಂಗಸರ ಬಸ್ ಬಂತು. ಎದ್ದ ಜೆಸಿಂತಾಳ ದನಿ ಒಮ್ಮೆಲೇ ಮೆತ್ತಗಾಯಿತು.

“ತಾತ, ಕಾಲು ಸ್ವಲ್ಪ ತೆಗೀತೀರಾ?”

ಬೆರಳಿಲ್ಲದ ಕಡೆ ಬಟ್ಟೆ ತುರುಕಿದ್ದ ಎರಡೂ ಶೂಗಳನ್ನು ಬ್ಯಾಟರಾಯಪ್ಪ ಬೆಂಚಿನಡಿಗೆ ಎಳೆದುಕೊಂಡ. ಕಾಲುಚೀಲದ ಪೊಟ್ಟಣ ಅವನ ಮಡಿಲಲ್ಲೇ ಇತ್ತು.

“ದೇವರು ನಿಮ್ಗೆ ಒಳ್ಳೇದ್ಮಾಡ್ಲಿ,” ಎಂದು ಹರಸಿ ಆಕೆ ಬಸ್ಸು ಹತ್ತಿದಳು.