ನೀರಿನ ಕೋಣೆಯ ಕಾನೂನು

೧೯೫೬ರ ಬೇಸಿಗೆ. ಕೋರಮಂಡಲ್ ನಿಲ್ದಾಣದಲ್ಲಿ ಬಂಗಾರಪೇಟೆಯ ಬೆಳಗಿನ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹಂಚಿನ ಕಾರ್ಖಾನೆಯ ಇಬ್ಬರು ಕೂಲಿ ಹೆಂಗಸರು. ಜ್ವರದಿಂದೆದ್ದು ಅಂದೇ ಕೆಲಸಕ್ಕೆ ಹೊರಟಿದ್ದ ಚಿಕ್ಕವಳು ಕೇಳಿದಳು:

"ಓಬಳಕ್ಕಾ, ಕೆಲ್ಸದ ಜಾಗದಲ್ಲಿ ನಮ್ಮನ್ನ ದೂರ ಇಡಂಗಿಲ್ಲ ಅಂತ ಕಾನೂನು ಬಂದೈತಂತೆ, ದಿಟವಾ?"

"ದಿಟ ಕಣೇ. ನೆನ್ನೆ ಚೀಟಿ ಬರ್ದು ಅಂಟ್ಸವ್ರೆ."

"ಎಲ್ಲಿ?"

"ನೀರಿನ ಕೋಣೆ ಒಳಗೆ, ಗಡಿಗೆ ಮೇಲ್ಗಡೆ ಗೋಡೇಗೆ."

"ಅಲ್ಲಿಗೆ ನಮ್ಮೋರ್ನ ಬಿಡಲ್ವಲ್ಲ!"

"ಅದಕ್ಕೇ ಲೆಕ್ಕ ಬರಿಯೋ ರೈಟರಪ್ಪ ಒಸ್ಲತ್ರ ನಿಂತು ಗಟ್ಟಿಯಾಗಿ ಓದುದ್ರು. ನಾವು ಅಂಗಳದಲ್ಲಿ ನಿಂತು ಕೇಳುದ್ವಿ."

"ಆಮೇಲೆ?"

"ನಾನು ಸೀದಾ ಒಳಕ್ಕೋಗಿ ನೀರು ಮೊಗ್ದು ಕುಡುದೆ."

"ಅಯ್ಯೋ! ಏನಂದ್ರು?"

"ಏನಂತಾರೆ? ಕಾನೂನಲ್ವಾ, ಬಾಯಿ ಮುಚ್ಕೊಂಡು ಗಡಿಗೆ ಎತ್ತಿ ಒಡುದ್ರು. ಮದ್ಯಾನಕ್ಕೆ ಒಸಾ ಗಡಿಗೆ ತಂದಿಟ್ರು."

"ಇವತ್ತೇನು ಮಾಡ್ತೀಯಾ?"

"ಅದ್ರಲ್ಲೂ ಕುಡೀತೀನಿ. ನಾಳೆ ನೀನು ಕುಡಿ. ದಿನಕ್ಕೊಂದು ಒಡೀಲಿ, ಕುಂಬಾರನಾದ್ರೂ ಉದ್ದಾರ ಆಗ್ಲಿ."

ರೈಲು ಬಂತು. ಓಬಳಮ್ಮ ಮೊದಲು ಹತ್ತಿದಳು. ಚಿಕ್ಕವಳು ಸೀರೆ ಎತ್ತಿಕಟ್ಟಿ ಹಿಂದೆಯೇ ಹತ್ತುತ್ತ ಕೂಗಿದಳು:

"ನಾಳೆ ಯಾಕಕ್ಕಾ? ಇವತ್ತು ಮದ್ಯಾನ ತರೋ ಗಡಿಗೆ ನಂದು!"